ಸೇದದವರ ಗುಂಪು

ಡಾಕ್ಟರ್ ಲಹ್ಲೂ ಗೋಡೆ ಮೇಲೆ ಚಿತ್ರ ಬಿಟ್ಟು "ನಿಮಗೊಂದು ಒಳ್ಳೇ ಸುದ್ದಿ ತಂದಿದೀನಿ" ಅಂದಿದ್ದೇ ತಡ, ಬೆಳೆಗಾರರ ಸಂಘದ ಹಾಲಲ್ಲಿದ್ದ ಗಂಡಸರೆಲ್ಲ ಕುರ್ಚಿ ಮುಂದಕ್ಕೆ ಎಳ್ಕೊಂಡ್ರು. ಚಿತ್ರದಲ್ಲಿ ಎರಡೇ ಎರಡು ಕಂಬ. ಒಂದು ಹಸಿರು, ಒಂದು ನೀಲಿ. ಅವಳಿ ಮಕ್ಕಳ ಥರ ಎರಡೂ ಹೆಚ್ಚುಕಮ್ಮಿ ಒಂದೇ ಎತ್ತರ.

"ಹಸಿರು ಅಂದ್ರೆ ಇಪ್ಪತ್ತು ವರ್ಷಕ್ಕಿಂತ ಹೆಚ್ಚು ಕಾಲ ಕಿಫ್ ಸೇದಿದೋರು. ನೀಲಿ ಅಂದ್ರೆ ಜನ್ಮದಲ್ಲೇ ಸೇದದೇ ಇರೋರು. ಎರಡೂ ಗುಂಪಿನೋರ ಶ್ವಾಸಕೋಶದ ಬಲ ಅಳೆದ್ವಿ. ವ್ಯತ್ಯಾಸ ಇಲ್ಲ ಅಂತಾನೇ ಹೇಳ್ಬಹುದು."

ಡಾಕ್ಟರ್ ಮಾತಾಡ್ತಿದ್ದಿದ್ದು ರಾಜಧಾನಿ ರಬಾತ್ ಕಡೆಯ ಪೇಟೆ ಅರಬ್ಬಿ. ಅದನ್ನ ನಮ್ಮ ರೀಫ್ ಬೆಟ್ಟದ ಮಾತಿಗೆ ತಿರುಗಿಸಿ ಹೇಳ್ತಿದ್ದೋಳು ಶಾಮಾ. ಇದೇ ಊರಿನ ಹುಡುಗಿ, ಇಪ್ಪತ್ತನಾಲ್ಕು ವರ್ಷ. ಹೊಸೀಮಾದಲ್ಲಿ ಡಿಗ್ರಿ ಮುಗಿಸಿ ಬಂದೋಳೇ ಈ ಅಧ್ಯಯನಕ್ಕೆ ಸೇರ್ಕೊಂಡಿದ್ಲು. ಕಿಫ್ ಹೊಗೆ, ಅಂದ್ರೆ ಗಾಂಜಾ ಹೊಗೆ, ಎದೆಗೆ ಏನು ಮಾಡುತ್ತೆ ಅಂತ ಹನ್ನೊಂದು ಊರಲ್ಲಿ ಮನೆಮನೆ ತಿರುಗಿ, ಕೇಳಿ, ನಮೂನೆ ತುಂಬಿ, ಜನರನ್ನ ಕರ್ಕೊಂಡು ಬಂದು ಊದೋ ಯಂತ್ರದ ಮುಂದೆ ಕೂರಿಸಿದ್ದು ಪೂರ್ತಿ ಅವಳೇ. ಚಿತ್ರದ ಕೆಳಗಡೆ ಸಣ್ಣಕ್ಷರದಲ್ಲಿ ಅವಳ ಹೆಸರೂ ಇತ್ತು. ಬೆಳಿಗ್ಗೆಯಿಂದ ಅದನ್ನೇ ಆರು ಸಲ ನೋಡಿದ್ಲು.

ಅವಳ ಅಪ್ಪ ಅಲ್ಲಾಲ್ ಕಿಫ್ ಸೇದೋ ತನ್ನ ಉದ್ದನೆ ಕೊಳವೆ ಮೇಲಕ್ಕೆತ್ತಿ ಹಾಲಿಗೆಲ್ಲ ತೋರಿಸಿದ. "ಮೂವತ್ತು ವರ್ಷದಿಂದ ಬಡ್ಕೊಂಡೆ, ಕೇಳಿದೋರು ಯಾರು? ಇದು ಎದೆಗೆ ಕಷಾಯ ಇದ್ದಂಗೆ ಕಣ್ರಯ್ಯಾ."

"ಕಷಾಯ ಕುಡಿದೋರ ಹಲ್ಲು ಆ ಬಣ್ಣಕ್ಕೆ ಯಾಕೆ ತಿರುಗುತ್ತೆ, ಅಲ್ಲಾಲ್ ಸಾಹೇಬ್ರೇ?" ಅಂತ ಹಿಂದಿನ ಬೆಂಚಿಂದ ಒಂದು ದನಿ. ಪಕ್ಕದ ಮನೆಯೋಳು ಹದ್ದೂಮ್. ಹೆಂಗಸರೆಲ್ಲ ತಲೆಬಟ್ಟೆ ತುದಿ ಬಾಯಿಗಿಟ್ಕೊಂಡು ನಕ್ರು.

ನಗ್ತಾ ನಗ್ತಾನೇ ಶಾಮಾಳ ಅಮ್ಮ ಮಿಮೂನಾಗೆ ಕೆಮ್ಮು ಶುರು ಆಯ್ತು.

ಅವಳ ಕೆಮ್ಮು ಊರಿಗೆಲ್ಲ ಗೊತ್ತು. ಮೊದಲು ಎರಡು ಸಣ್ಣದು, ಆಮೇಲೆ ಒಣಗಿದ ಬಟ್ಟೆ ಹರಿದಂಗೆ ಉದ್ದಕ್ಕೆ ಒಂದು, ಆಮೇಲೆ ಉಸಿರೇ ಇಲ್ಲ, ಕಣ್ಣಲ್ಲಿ ನೀರು. ಎರಡು ವರ್ಷದಿಂದ ಮನೆಯಿಂದ ಬಾವಿ ತನಕ ಹೋಗ್ಬೇಕಾದ್ರೆ ಮೂರು ಕಡೆ ಕೂರ್ತಾಳೆ. ಇವತ್ತು ಈ ಸಭೆಗೆ ಅವಳು ಬಂದಿದ್ದೂ ಚಿತ್ರ ನೋಡೋಕಲ್ಲ. ಹೊಸೀಮಾದ ದೊಡ್ಡಾಸ್ಪತ್ರೆಯ ಎದೆ ಡಾಕ್ಟರ ಹತ್ರ ಹೋಗ್ಬೇಕು ಅಂದ್ರೆ ಇನ್ನೊಬ್ಬ ಡಾಕ್ಟರ ಪತ್ರ ಬೇಕು. ಊರಿನ ಚಿಕಿತ್ಸಾಲಯದ ನರ್ಸು ಕೊಡಲ್ಲ ಅಂದಿದ್ಲು. "ಲಹ್ಲೂ ಡಾಕ್ಟರ್ ನಿನ್ನನ್ನ ಊದಿಸಿ ನೋಡಿದಾರಲ್ಲ, ಹಾಳೆಯಲ್ಲಿ ಸಹಜ ಅಂತ ಬರ್ದಿದಾರೆ. ಅವರಿಗಿಂತ ನಾನು ದೊಡ್ಡೋಳಾ?" ಅಂದಿದ್ಲು. ಅದಕ್ಕೇ ಅವರ ಕೈಯಲ್ಲೇ ಪತ್ರ ಬರೆಸ್ಕೊಳ್ಳೋಣ ಅಂತ ಇವತ್ತು ಬಂದಿದ್ಲು.

ಸಹಜ ಅನ್ನೋ ಆ ಮಾತು ಅವತ್ತೇ ಶಾಮಾಗೆ ಸ್ವಲ್ಪ ಚುಚ್ಚಿತ್ತು. ಈಗ ಅಮ್ಮ ಕೆಮ್ಮೋದು ನೋಡ್ತಾ, ತಿರುಗಿ ಗೋಡೆ ಮೇಲಿನ ನೀಲಿ ಕಂಬ ನೋಡಿದ್ಲು. ನೋಡಿ, ಮಾತು ಅರ್ಧಕ್ಕೇ ನಿಂತೋಯ್ತು.

ಸೇದದೇ ಇರೋರು. ನಮ್ಮ ಬೆಟ್ಟದಲ್ಲಿ ಸೇದದೇ ಇರೋರು ಅಂದ್ರೆ ಯಾರು? ಹುಡುಗರು ಮೀಸೆ ಬರೋಕೆ ಮುಂಚೆ ಕೊಳವೆ ಹಿಡೀತಾರೆ. ನೀಲಿ ಗುಂಪಲ್ಲಿ ಅರವತ್ತೊಂದು ಜನ. ಅದರಲ್ಲಿ ಗಂಡಸರು ಮೂರೇ ಜನ: ಮಸೀದಿಯ ಇಮಾಮರು, ಅವರ ತಮ್ಮ, ಮತ್ತೆ ಹೊಗೆ ಕಂಡ್ರೆ ವಾಂತಿ ಮಾಡ್ಕೊಳ್ಳೋ ಗಡಿಯಾರದ ಅಂಗಡಿಯೋನು. ಉಳಿದ ಐವತ್ತೆಂಟೂ ಹೆಂಗಸರು. ಒಬ್ಬೊಬ್ಬರನ್ನೂ ಕೈಹಿಡ್ಕೊಂಡು ಕರ್ಕೊಂಡು ಬಂದೋಳು ಇವಳೇ.

ಆ ಐವತ್ತೆಂಟು ಹೆಂಗಸರೂ ಚಳಿಗಾಲ ಪೂರ್ತಿ ಕಿಫ್ ಬಡಿಯೋರು.

ಬಡಿಯೋದು ಅಂದ್ರೆ ನಮ್ಮಲ್ಲಿ ಬೇರೆ ಹೇಳ್ಬೇಕಾಗೇ ಇಲ್ಲ, ಹಿಮ ಬಿದ್ದ ಮೇಲೆ ಯಾವ ಮನೆ ಮುಂದೆ ನಿಂತ್ರೂ ಕೇಳುತ್ತೆ. ದೊಡ್ಡ ಬೋಗುಣಿ, ಅದರ ಬಾಯಿಗೆ ಬಿಗಿದ ತೆಳು ಬಟ್ಟೆ, ಬಟ್ಟೆ ಮೇಲೆ ಒಣಗಿದ ಗಿಡ, ಅದರ ಮೇಲೊಂದು ಪ್ಲಾಸ್ಟಿಕ್ ಹೊದಿಕೆ. ಎರಡು ಕೋಲು ತಗೊಂಡು ಡಬಡಬ ಅಂತ ಬೆಳಗಿಂದ ಸಂಜೆ ತನಕ. ಕೆಳಗೆ ಬೋಗುಣಿಯಲ್ಲಿ ಹೊಂಬಣ್ಣದ ಪುಡಿ ಬೀಳುತ್ತೆ. ಆ ಪುಡಿನೇ ಮಾಲು. ಒಂದು ಚಿಟಿಕೆನೂ ಗಾಳಿಗೆ ಹಾರ್ಬಾರ್ದು ಅಂತ ಕಿಟಕಿಗೆ ಕಂಬಳಿ ಹೊಡೀತಾರೆ, ಬಾಗಿಲ ಸಂದಿಗೆ ಉಣ್ಣೆ ತುರುಕ್ತಾರೆ. ಹೊದಿಕೆ ಎಷ್ಟು ಬಿಗಿದ್ರೂ ಸಂದಿಯಿಂದ ಏಳೋ ಧೂಳು ಆ ಕೋಣೆ ಬಿಟ್ಟು ಎಲ್ಲಿಗೆ ಹೋಗ್ಬೇಕು? ಸಂಜೆ ಹೊರಗೆ ಬಂದಾಗ ಅಮ್ಮನ ರೆಪ್ಪೆಗೂದಲು ಹಳದಿ ಇರ್ತಿತ್ತು. ಮೂಗು ಸೀಟಿದ್ರೆ ಹಳದಿ. ಚಿಕ್ಕೋಳಿದ್ದಾಗ ಶಾಮಾ ಅದನ್ನ ನೋಡಿ ನಗ್ತಿದ್ಲು.

ಅಂಥೋರನ್ನ ತಗೊಂಡು ಹೋಗಿ ಸ್ವಚ್ಛ ಎದೆಯೋರ ಗುಂಪಿಗೆ ಹಾಕಿದ್ಲಲ್ಲ.

ಹೆಂಗೆ ಆಯ್ತು ಅಂತಾನೂ ಅವಳಿಗೆ ಗೊತ್ತು. ನಮೂನೆಯ ನಾಲ್ಕನೇ ಪ್ರಶ್ನೆ: ಕಿಫ್ ಸೇದ್ತೀರಾ? ಐದನೇದು: ಕಿಫ್‌ಗೂ ನಿಮಗೂ ಬೇರೆ ಏನಾದ್ರೂ ಸಂಬಂಧ ಇದ್ಯಾ? ಎಲ್ಲ ಹೆಂಗಸರದ್ದೂ ಒಂದೇ ಉತ್ತರ. "ನಂಗೇನು ಗೊತ್ತಮ್ಮಾ, ಗಂಡಸರನ್ನ ಕೇಳು." ಈ ಮಾತು ನಮ್ಮ ಹೆಣ್ಣುಮಕ್ಕಳಿಗೆ ಹಾಲಿನ ಜೊತೆ ಬರುತ್ತೆ. ಪೊಲೀಸರು ಬೆಟ್ಟ ಹತ್ತಿ ಬರ್ತಿದ್ದ ಕಾಲದಲ್ಲಿ, ಕೈಯಲ್ಲಿ ಕಾಗದ ಹಿಡಿದೋನು ಯಾವನೇ ಬರ್ಲಿ, ನಂಗೇನು ಗೊತ್ತು. ಐದು ವರ್ಷದ ಮಗೂನೂ ಅದನ್ನೇ ಹೇಳ್ತಿತ್ತು. ಈಗ ಬೆಳೆಯೋಕೆ ಲೈಸೆನ್ಸ್ ಬಂತು, ಸಂಘ ಬಂತು, ಹಳೇ ಕೇಸೆಲ್ಲ ಮಾಫಿ ಆಯ್ತು, ಆದ್ರೂ ಕಾಗದ ಕಂಡ ತಕ್ಷಣ ಬಾಯಿಗೆ ಬರೋದು ಅದೇ. ಶಾಮಾಳ ಸ್ವಂತ ಅಮ್ಮನೂ, ಎದುರಿಗೆ ಕೂತ ಸ್ವಂತ ಮಗಳಿಗೆ, "ನಂಗೇನು ಗೊತ್ತಮ್ಮಾ" ಅಂದಿದ್ಲು. ಅವಳ ಉಗುರು ಸಂದೀಲಿ ಕಿಫ್ ಅಂಟು ಇನ್ನೂ ಇತ್ತು. ಶಾಮಾ 'ಇಲ್ಲ' ಅಂತ ಗುರುತು ಹಾಕಿ, ಕೆಲಸ ಅನ್ನೋ ಜಾಗದಲ್ಲಿ 'ಗೃಹಿಣಿ' ಅಂತ ಬರ್ದು, ಹಾಳೆ ಮಗುಚಿದ್ಲು. ಹೇಳಿದ್ದನ್ನ ಹಾಗೇ ಬರೀಬೇಕು ಅಂತ ತರಬೇತಿಯಲ್ಲಿ ಕಲಿಸಿದ್ರು.

ಸಭೆ ಮುಗಿದು ಊಟಕ್ಕೆ ಕುಸ್ಕುಸ್ ಬಂತು. ಗಂಡಸರು ದೊಡ್ಡ ತಟ್ಟೆ ಸುತ್ತ ಕೂತ್ರು. ಶಾಮಾ ಡಾಕ್ಟರನ್ನ ಪಕ್ಕದ ಆಫೀಸು ಕೋಣೆಗೆ ಕರ್ಕೊಂಡೋಗಿ ಒಂದೇ ಉಸಿರಲ್ಲಿ ಎಲ್ಲ ಹೇಳಿದ್ಲು. ಲಹ್ಲೂ ಕೆಟ್ಟ ಮನುಷ್ಯ ಏನಲ್ಲ. ಐವತ್ತು ವರ್ಷ, ಮೆತ್ತಗಿನ ಮಾತು. ಪೂರ್ತಿ ಕೇಳ್ದ. ಕನ್ನಡಕ ತೆಗೆದು ಒರೆಸ್ದ.

"ಇದನ್ನ ಮೊದಲೇ ಯಾಕೆ ಹೇಳ್ಲಿಲ್ಲ ಶಾಮಾ?"

"ನಮೂನೆಯಲ್ಲಿ ಪ್ರಶ್ನೆ ಇರ್ಲಿಲ್ಲ ಸಾರ್."

"ಸಂಬಂಧ ಇದ್ಯಾ ಅಂತ ಇತ್ತಲ್ಲ. ನೀನು ಈ ಊರೋಳು. ನಾನಲ್ಲ."

ಕೆನ್ನೆಗೆ ಬಿಟ್ಟಂಗಾಯ್ತು. ಹೌದು, ತಪ್ಪು ಅವಳದ್ದೂ ಹೌದು. ಆದ್ರೆ ಅಷ್ಟಕ್ಕೇ ಅವನು ಕನ್ನಡಕ ಹಾಕ್ಕೊಂಡು ಎದ್ದು ಹೊರಟಿದ್ದು ನೋಡಿ ಅವಳಿಗೆ ಮೈ ಉರೀತು.

"ಸಾರ್, ನಮ್ಮಮ್ಮನ ಅಳತೆ ತೆಗೀರಿ."

"ನೋಡಿದೀನಿ. ಸಹಜ."

"ಯಾವ ಲೆಕ್ಕದಲ್ಲಿ ಸಹಜ?"

ಡಾಕ್ಟರ್ ತಾಳ್ಮೆಯಿಂದಾನೇ ವಿವರಿಸ್ದ. ಪುಸ್ತಕದಲ್ಲಿರೋ ಅಳತೆ ಬೇರೆ ದೇಶದೋರದ್ದು. ಇಲ್ಲಿ ಎತ್ತರ ಬೇರೆ, ಊಟ ಬೇರೆ, ಹೆಂಗಸರ ಮೈಕಟ್ಟು ಬೇರೆ. ಅದಕ್ಕೆ ಇಲ್ಲಿನ ಸೇದದ ಹೆಂಗಸರ ಸರಾಸರಿಯನ್ನೇ ಸಹಜ ಅಂತ ಇಟ್ಕೊಂಡ್ವಿ. ಅದರ ಪ್ರಕಾರ ಮಿಮೂನಾಗೆ ನೂರಕ್ಕೆ ತೊಂಬತ್ತಮೂರು.

"ಅಂದ್ರೆ ನೀವು ನಮ್ಮಮ್ಮನ ಕೆಮ್ಮನ್ನ ಹದ್ದೂಮ್ ಚಿಕ್ಕಮ್ಮನ ಕೆಮ್ಮಿನ ಜೊತೆ ಹೋಲ್ಸಿ ನೋಡಿದ್ರಿ. ಇಬ್ಬರದ್ದೂ ಒಂದೇ ಥರ ಇದೆ, ಹಾಗಾಗಿ ಇಬ್ಬರೂ ಚೆನ್ನಾಗಿದಾರೆ."

ಹೊರಟಿದ್ದೋನು ತಿರುಗಿ ಬಂದು ಕುರ್ಚಿಗೆ ಕೂತ.

"ಪುಸ್ತಕದ ಲೆಕ್ಕದಲ್ಲಿ ಎಷ್ಟು ಬರುತ್ತೆ? ಕಂಪ್ಯೂಟರಲ್ಲಿ ಇದ್ಯಲ್ಲ ಸಾರ್, ಒಂದು ಗುಂಡಿ ಒತ್ತಿದ್ರೆ ಆಯ್ತು."

ಒತ್ತಿದ. ಬಂದಿದ್ದನ್ನ ಶಾಮಾನೇ ಅವನ ಹೆಗಲ ಮೇಲಿಂದ ಓದಿದ್ಲು. ನೂರಕ್ಕೆ ಐವತ್ತೊಂದು. ಅರ್ಧ ಎದೆ. ಅವಳ ಅಮ್ಮ ಎರಡು ವರ್ಷದಿಂದ ಅರ್ಧ ಎದೆಯಲ್ಲಿ ನೀರು ಹೊತ್ತಿದಾಳೆ, ರೊಟ್ಟಿ ತಟ್ಟಿದಾಳೆ, ಹೋದ ಚಳಿಗಾಲದಲ್ಲೂ ಕೋಲು ಹಿಡಿದು ಕೂತಿದಾಳೆ.

"ಹಾಗಾದ್ರೆ ಪತ್ರ ಬರ್ಕೊಡಿ ಸಾರ್."

"ನೋಡಮ್ಮಾ." ಲಹ್ಲೂ ಪರದೆ ಮುಚ್ಚಿದ. "ಇವರೊಬ್ಬರಿಗೆ ಬೇರೆ ಅಳತೆ ಹಾಕಿದ್ರೆ ಉಳಿದ ಅರವತ್ತು ಜನಕ್ಕೂ ಹಾಕ್ಬೇಕಾಗುತ್ತೆ. ಲೇಖನ ಒಪ್ಪಿಗೆ ಆಗಿದೆ, ಮುಂದಿನ ತಿಂಗಳು ಅಚ್ಚಾಗುತ್ತೆ. ಧೂಳಿನ ವಿಷಯ ತುಂಬ ಮುಖ್ಯ, ನಾನು ಇಲ್ಲ ಅಂತಿಲ್ಲ. ಅದಕ್ಕೇ ಅಂತ ಬೇರೆ ಅಧ್ಯಯನ ಮಾಡೋಣ. ಎರಡು ವರ್ಷದಲ್ಲಿ."

"ಎರಡು ವರ್ಷಕ್ಕೆ ಅವಳ ಹತ್ರ ಉಸಿರು ಎಷ್ಟು ಉಳಿದಿರುತ್ತೆ ಅಂತ ಆ ಯಂತ್ರ ಹೇಳುತ್ತಾ?"

"ನಾಲ್ಕು ಗಂಟೆಗೆ ನನ್ನ ಗಾಡಿ ಹೊರಡುತ್ತೆ" ಅಂದ ಡಾಕ್ಟರ್. ಅವನಿಗೂ ನಾಚಿಕೆ ಆಗಿರ್ಬೇಕು, ಮುಖ ನೋಡದೇ ಹೇಳ್ದ.

ಹಿಂದಿನ ಅಂಗಳದಲ್ಲಿ ಹೆಂಗಸರು ಕುಸ್ಕುಸ್ ಪಾತ್ರೆ ತೊಳೀತಿದ್ರು. ಶಾಮಾ ಅಲ್ಲಿಗೆ ಹೋಗಿ ನಿಂತ್ಕೊಂಡು, ಈ ಸಲ ಯಾರ ಮಾತನ್ನೂ ತಿರುಗಿಸದೇ, ಸೀದಾ ಹೇಳಿದ್ಲು. ನೀಲಿ ಕಂಬ ಅಂದ್ರೆ ನೀವು. ನಿಮ್ಮ ಎದೆ ಆರೋಗ್ಯವಂತ ಎದೆಯ ಮಾದರಿ ಅಂತ ಪುಸ್ತಕದಲ್ಲಿ ಬರುತ್ತೆ. ಇನ್ಮೇಲೆ ಈ ಬೆಟ್ಟದ ಯಾವ ಹೆಂಗಸು ಎಷ್ಟೇ ಕೆಮ್ಮಿದ್ರೂ ನಿಮ್ಮನ್ನ ಪಕ್ಕಕ್ಕಿಟ್ಟು ಅಳೆದು, ಸಹಜ ಅಂತ ಮನೆಗೆ ಕಳಿಸ್ತಾರೆ.

ಹದ್ದೂಮ್ ಹೋಗಿ ನಲ್ಲಿ ನಿಲ್ಲಿಸಿದ್ಲು.

ಆಮೇಲೆ ಅಂದ್ಲು: "ನನ್ನ ಎದೆಯೊಳಗೆ ಬೆಕ್ಕು ಮರಿ ಹಾಕಿದೆ, ಮಲಗಿದ್ರೆ ಸಾಕು ಕುಯ್ಯೋ ಅನ್ನುತ್ತೆ. ಅದನ್ನ ಆ ಮನುಷ್ಯ ಮಾದರಿ ಅಂತ ರಬಾತ್‌ಗೆ ತಗೊಂಡೋಗ್ತಾನಾ?"

"ಮತ್ತೆ ನಮ್ಮ ಗಂಡಸರು ಸೇದಿದ್ದು?" ಇನ್ನೊಬ್ಬಳು ಕೇಳಿದ್ಲು. "ಅದರಿಂದ ಏನೂ ಆಗಲ್ಲಾ ಅಂತ ಆಯ್ತಲ್ಲ?"

"ಅವರ ಎದೆ ನಿಮ್ಮಷ್ಟೇ ಹಾಳಾಗಿದೆ ಅಂತ ಆಯ್ತು" ಅಂದ್ಲು ಶಾಮಾ. "ಅದನ್ನೇ ಒಳ್ಳೇ ಸುದ್ದಿ ಅಂತ ತಂದಿದಾರೆ."

ಮಿಮೂನಾ ಕಲ್ಲಿನ ಮೇಲೆ ಕೂತಿದ್ಲು. ಶಾಮಾ ಅವಳ ಮುಂದೆ ಹೋಗಿ ಕೂತ್ಲು.

"ಯಮ್ಮಾ, ನೀನು ಬಂದು ಹೇಳ್ಬೇಕು. ಬಡಿತೀನಿ ಅಂತ. ಎಷ್ಟು ಚಳಿಗಾಲ ಅಂತ."

"ಅಷ್ಟು ಗಂಡಸರ ಮುಂದೆ?"

"ಹೂಂ."

"ನಿಮ್ಮಪ್ಪ ಮೂರು ವರ್ಷ ತಲೆ ತಪ್ಪಿಸ್ಕೊಂಡು ಕಾಡಲ್ಲಿದ್ದ. ಪೊಲೀಸರು ಬಂದು ನನ್ನನ್ನ ಗೋಡೆಗೆ ನಿಲ್ಲಿಸಿ ಕೇಳಿದ್ರು, ಆಗ ನೀನು ನನ್ನ ಬೆನ್ನ ಮೇಲಿದ್ದೆ. ನಂಗೇನು ಗೊತ್ತು ಅಂದೆ. ಹನ್ನೊಂದು ಸಲ ಬಂದ್ರು, ಹನ್ನೊಂದು ಸಲಾನೂ ಅದೇ ಅಂದೆ. ಇವತ್ತು ಯಾರೋ ಊದಿಸೋನು ಬಂದ ಅಂತ ಬಾಯಿ ಬಿಡ್ಲಾ?"

"ಆಗ ಸುಮ್ಮನಿದ್ದು ಅಪ್ಪನ್ನ ಉಳಿಸ್ದೆ. ಈಗ ಸುಮ್ಮನಿದ್ರೆ ಯಾರನ್ನ ಉಳಿಸ್ತೀಯ ಯಮ್ಮಾ?"

ಮಿಮೂನಾ ಉತ್ತರ ಕೊಡೋಕೆ ಬಾಯಿ ತೆಗೆದ್ಲು, ಕೆಮ್ಮು ಬಂತು. ಹದ್ದೂಮ್ ಬೆನ್ನು ತಿಕ್ಕಿದ್ಲು. ತಿಕ್ತಾ ತಿಕ್ತಾ ಕೇಳಿದ್ಲು, "ಹೇಳೇ ಹುಡುಗಿ, ನಾವು ಹೇಳಿದ್ರೆ ಅವನೇನು ಕೇಳ್ತಾನಾ? ನೀನು ಹೇಳಿದ್ದಕ್ಕೆ ಗಾಡಿ ಹೊರಡುತ್ತೆ ಅಂದನಂತೆ."

ಅದಕ್ಕೆ ಶಾಮಾ ಹತ್ರ ಉತ್ತರ ಇತ್ತು. ನಮೂನೆ ತುಂಬೋಕೆ ಮುಂಚೆ ಒಪ್ಪಿಗೆ ಪತ್ರ ಓದಿ ಹೇಳ್ಬೇಕಿತ್ತು, ಹೆಬ್ಬೆಟ್ಟು ಒತ್ತಿಸ್ಕೋಬೇಕಿತ್ತು. ಓದಿ ಓದಿ ಅವಳಿಗೆ ಬಾಯಿಪಾಠ. ಅದರ ಕೊನೇ ಸಾಲು: ನಾನು ಯಾವಾಗ ಬೇಕಾದ್ರೂ, ಕಾರಣ ಹೇಳದೇನೂ, ಈ ಅಧ್ಯಯನದಿಂದ ಹೊರಗೆ ಹೋಗಬಹುದು, ನನ್ನ ಅಳತೆ ಅಳಿಸಬೇಕು. ಆಗ ಎಲ್ಲರೂ ನಕ್ಕಿದ್ರು, ಹೊರಗೆ ಯಾಕೆ ಹೋಗೋಣ, ಹೊರಗೆ ಚಳಿ ಅಂತ. ಈ ಹಾಲಲ್ಲೇ ನೀಲಿ ಗುಂಪಿನ ಇಪ್ಪತ್ತಾರು ಹೆಂಗಸರಿದಾರೆ. ಇಪ್ಪತ್ತಾರು ಜನ ಎದ್ದು ಹೋದ್ರೆ ನೀಲಿ ಕಂಬ ಉಳಿಯಲ್ಲ. ನೀಲಿ ಉಳೀದಿದ್ರೆ ಹಸಿರನ್ನ ಯಾವುದರ ಪಕ್ಕ ನಿಲ್ಲಿಸ್ತಾರೆ?

"ಹಂಗಾದ್ರೆ ಏಳಿ" ಅಂದ್ಲು ಹದ್ದೂಮ್. ಒದ್ದೆ ಕೈ ಲಂಗಕ್ಕೆ ಒರೆಸ್ಕೊಂಡ್ಲು. ಹನ್ನೆರಡು ಜನ ಎದ್ರು, ಆಮೇಲೆ ಇನ್ನೂ ಆರು. ಮಿಮೂನಾ ಏಳ್ಲಿಲ್ಲ.

ಗಂಡಸರು ಚಹಾ ಕುಡೀತಿದ್ರು. ಹೆಂಗಸರು ಸಾಲಾಗಿ ಒಳಗೆ ಬಂದಿದ್ದು ನೋಡಿ ತಟ್ಟೆ ತೆಗೆಯೋಕೆ ಬಂದ್ರು ಅಂದ್ಕೊಂಡು ಗ್ಲಾಸು ಮುಂದೆ ತಳ್ಳಿದ್ರು. ಶಾಮಾ ಡಾಕ್ಟರ ಮುಂದೆ ಮೇಜು ಎಳೆದು ಖಾಲಿ ಹಾಳೆ ಇಟ್ಲು.

"ಇವರೆಲ್ಲ ಒಪ್ಪಿಗೆ ವಾಪಸ್ ತಗೋತಿದಾರೆ ಸಾರ್."

ಲಹ್ಲೂ ಚಹಾ ಗ್ಲಾಸು ಕೆಳಗಿಟ್ಟ. "ಶಾಮಾ, ಮೂರು ವರ್ಷದ ಕೆಲಸ ಇದು. ನಿನ್ನ ಹೆಸರೂ ಇದೆ ಅದರಲ್ಲಿ."

"ಅದನ್ನೂ ಅಳಿಸಿ."

ಮೊದಲು ಕೂತೋಳು ಹದ್ದೂಮ್. ಹೆಬ್ಬೆಟ್ಟು ಒತ್ತೋಕೆ ಮುಂಚೆ ಗಂಡಸರ ಕಡೆ ತಿರುಗಿ ಒಂದೇ ದನಿಯಲ್ಲಿ ಹೇಳಿದ್ಲು: "ಹತ್ತೊಂಬತ್ತು ಚಳಿಗಾಲ ಬಡಿದಿದೀನಿ." ಹಿಂದಿನೋಳು: "ಇಪ್ಪತ್ತೆರಡು." ಅದರ ಹಿಂದಿನೋಳು: "ಮದುವೆಗೆ ಮುಂಚೆ ಎಂಟು, ಆಮೇಲೆ ಹದಿನಾಲ್ಕು." ಒಬ್ಬ ಗಂಡಸು ಏನೋ ಗೊಣಗೋಕೆ ಹೋದ, ಅವನ ಹೆಂಡತಿ ಸಾಲಲ್ಲಿ ನಿಂತ್ಕೊಂಡೇ "ನೀವು ಚಹಾ ಕುಡೀರಿ" ಅಂದ್ಲು.

ಒಂಬತ್ತನೇ ಹೆಂಗಸು ಎದ್ದಾಗ ಬಾಗಿಲಲ್ಲಿ ಕೆಮ್ಮು ಕೇಳ್ತು. ಮಿಮೂನಾ ಗೋಡೆ ಹಿಡ್ಕೊಂಡು ಬಂದ್ಲು. ಸಾಲು ಬಿಟ್ಕೊಟ್ಟು ಎಲ್ಲರೂ ದಾರಿ ಮಾಡಿದ್ರು.

"ಮಿಮೂನಾ," ಅಂದ ಅಲ್ಲಾಲ್, ಕೊಳವೆ ಕೈಯಲ್ಲೇ ಇತ್ತು, "ಮನೆಯಲ್ಲಿ ಮಾತಾಡೋಣ ಬಾ."

"ಮನೇಲಿ ಕೂತೇ ಹಿಂಗಾಗಿದ್ದು" ಅಂದ್ಲು ಅವಳು, ಅವನ ಕಡೆ ನೋಡದೇ. ಕೂತು, ಉಸಿರು ಸರಿ ಮಾಡ್ಕೊಂಡು, ಡಾಕ್ಟರಿಗೆ ಹೇಳಿದ್ಲು: "ಕಾರಣ ಹೇಳದೇ ಹೋಗ್ಬಹುದಂತೆ. ನಾನು ಹೇಳಿ ಹೋಗ್ತೀನಿ. ಬರ್ಕೊಳ್ಳಿ. ಇಪ್ಪತ್ತೇಳು ಚಳಿಗಾಲ. ಕಿಟಕಿ ಮುಚ್ಚಿ. ಬಾಗಿಲು ಮುಚ್ಚಿ. ನನ್ನ ಎದೆಯಿಂದ ಯಾರ ಎದೇನೂ ಅಳೀಬೇಡಿ."

ಶಾಮಾ ಅದನ್ನ ಅರಬ್ಬಿಗೆ ತಿರುಗಿಸೋಕೆ ಹೊರಟ್ಲು. ಲಹ್ಲೂ ಕೈಯೆತ್ತಿ ಬೇಡ ಅಂದ, ಅಷ್ಟು ಅವನಿಗೇ ಅರ್ಥ ಆಗಿತ್ತು. ಗಾಡಿಯೋನು ಬಾಗಿಲಲ್ಲಿ ಇಣುಕಿ ಹೋದ. ಆಮೇಲೆ ಡಾಕ್ಟರ್ ಚೀಲದಿಂದ ತನ್ನ ಹೆಸರಿನ ಕಾಗದ ತೆಗೆದು, ಹೊಸೀಮಾದ ಎದೆ ಡಾಕ್ಟರಿಗೆ ಪತ್ರ ಬರೆಯೋಕೆ ಶುರು ಮಾಡ್ದ. ಐವತ್ತೊಂದು ಅನ್ನೋದನ್ನ ಅಂಕಿಯಲ್ಲೂ ಅಕ್ಷರದಲ್ಲೂ ಬರ್ದ. ಸಹಿ ಹಾಕಿ, ಮುದ್ರೆ ಒತ್ತಿ, ಎರಡೂ ಕೈಯಲ್ಲಿ ಕೊಟ್ಟ.

"ತಡ ಮಾಡ್ಬೇಡಿ ಮಿಮೂನಾ ಅವರೇ. ಈ ವಾರಾನೇ ಹೋಗಿ."

ಮಿಮೂನಾ ಕಾಗದ ಮಗಳ ಕೈಗಿಟ್ಲು. "ಓದು. ಜೋರಾಗಿ."

ಶಾಮಾ ಓದಿದ್ಲು. ಹೆಸರು, ವಯಸ್ಸು ಐವತ್ತು. ಕೆಲಸ, ಗೃಹಿಣಿ.

ಅಲ್ಲಿಗೆ ನಿಲ್ಲಿಸಿದ್ಲು. ಮಿಮೂನಾ ಕಾಗದ ಇಸ್ಕೊಂಡು ಮೇಜಿನ ಮೇಲಿಟ್ಟು, ಅಂಗೈಯಲ್ಲಿ ಸವರಿ ನೇರ ಮಾಡಿ, ಡಾಕ್ಟರ ಕಡೆ ತಳ್ಳಿದ್ಲು.

"ತಿದ್ದಿ" ಅಂದ್ಲು.

ಅವನು ತಿದ್ದೋತನಕ ಎದ್ದೇಳ್ಲಿಲ್ಲ. ಹಿಂದೆ ಹನ್ನೊಂದನೇ ಹೆಂಗಸು ಹೆಬ್ಬೆಟ್ಟಿಗೆ ಆಗ್ಲೇ ಮಸಿ ಹಚ್ಕೊಂಡು ಕಾಯ್ತಿದ್ಲು.